ಎಲ್ಲಿಟ್ಟೀಯಪ್ಪ ಆ ಫೈಲು?

ಕಂಪ್ಯೂಟರ್ ಪರದೆಯ ಕೆಳಗೆ ಒಂದು ಪುಟ್ಟ ಭೂತಗನ್ನಡಿ ಇರುತ್ತದಲ್ಲ, ಯಾವ ಫೈಲು ಎಲ್ಲಿ ಅಡಗಿದ್ದರೂ ಹುಡುಕಿ ಕೊಡುತ್ತೇನೆ ಎಂದು ಹಗಲೂ ರಾತ್ರಿ ಕಾದು ಕೂತಿರುತ್ತದಲ್ಲ, ಆದೋನಿಯಲ್ಲಿ ಅದಕ್ಕಿಂತ ದೊಡ್ಡ ನಿರುದ್ಯೋಗಿ ಇನ್ನೊಬ್ಬನಿಲ್ಲ. ಹತ್ತಿ ಸೀಜನ್ ಮುಗಿದ ಮೇಲೂ ಜಿನ್ನಿಂಗ್ ಮಿಲ್ಲಿನ ಹಮಾಲಿಗೆ ಆಗೊಮ್ಮೆ ಈಗೊಮ್ಮೆ ಒಂದು ಲಾರಿ ಸಿಗುತ್ತದೆ. ಈ ಭೂತಗನ್ನಡಿಗೆ ವರ್ಷಗಟ್ಟಲೆ ಬೋಣಿಯೇ ಇಲ್ಲ.

ನಮ್ಮವರು ಸೋಮಾರಿಗಳು ಅಂತ ಅಲ್ಲ. ನಮ್ಮ ಕಡೆ ಹುಡುಕುವುದು ಎಂದರೆ ಕೇಳುವುದು, ಅಷ್ಟೇ. ರೈಲು ಇಳಿದವರು ಪೂರ್ತಿ ವಿಳಾಸ ಬರೆದ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಚಹಾದಂಗಡಿಯವನ ಮುಂದೆ ನಿಲ್ಲುತ್ತಾರೆ. ಅವನು ಚೀಟಿಯನ್ನು ಮುಟ್ಟುವುದೂ ಇಲ್ಲ. "ಯಾರ ಪೈಕಿ?" ಎನ್ನುತ್ತಾನೆ. ಪೈಕಿ ಗೊತ್ತಾದರೆ ಮನೆ ಸಿಕ್ಕಿತು. ಜೊತೆಗೆ ಆ ಮನೆಯಲ್ಲಿ ಯಾರ ಮದುವೆ ನಿಂತಿದೆ, ಯಾರ ಹೊಲ ಕೋರ್ಟಿನಲ್ಲಿದೆ ಎನ್ನುವುದೂ ಉಚಿತ. ಇಂಥ ಊರಿನಲ್ಲಿ ಬಾಯಿಲ್ಲದ ಒಂದು ಡಬ್ಬಿಯೊಳಗೆ ಹೆಸರು ಬರೆದು ಎಂಟರ್ ಒತ್ತಿ ಕಾಯಬೇಕೆಂದರೆ ಯಾರಿಗೆ ಮನಸ್ಸಾದೀತು? ಆದ್ದರಿಂದ ಕಂಪ್ಯೂಟರಿನ ಮುಂದೆ ಕೂತ ಯಜಮಾನರು ಪರದೆಯನ್ನು ನೋಡುವುದು ಬಿಟ್ಟು ಒಳಮನೆಯ ಕಡೆ ಕೂಗುತ್ತಾರೆ: "ಲೇ, ಎಲ್ಲಿಟ್ಟೀಯಪ್ಪ ಆ ಫೈಲು?" ಮಗ ಹೈದರಾಬಾದಿನಲ್ಲಿದ್ದರೆ ಫೋನಿನಲ್ಲಿ ಕೂಗುತ್ತಾರೆ. ಅವನು ಅಲ್ಲಿಂದ "ಅಪ್ಪಾ, ಎಫ್ 3 ಒತ್ತಿ ಹೆಸರು ಬರಿ, ತಾನೇ ಬರ್ತೈತೆ" ಅನ್ನುತ್ತಾನೆ. "ನಿನ್ನ ಇಂಜಿನಿಯರ್ ಓದಿಸಿದ್ದು ನಾನು ಒತ್ತಲಿಕ್ಕೇನು?" ಎಂದು ಇಲ್ಲಿಂದ ಉತ್ತರ. ಫೈಲು ಸಿಗುವುದಿಲ್ಲ, ಸಂಬಂಧ ಮಾತ್ರ ಗಟ್ಟಿಯಾಗುತ್ತದೆ.

ಈ ವಿದ್ಯೆಯ ವಿಶ್ವವಿದ್ಯಾಲಯ ನೋಡಬೇಕಿದ್ದರೆ ಬೇಸಿಗೆಯಲ್ಲಿ ನಮ್ಮ ಓಣಿಯ ಝೆರಾಕ್ಸ್ ಅಂಗಡಿಗೆ ಬನ್ನಿ. ಹೆಸರಿಗೆ ಝೆರಾಕ್ಸ್, ರೈಲು ಟಿಕೆಟ್ಟು, ಪ್ಯಾನ್ ಕಾರ್ಡು, ಕರೆಂಟ್ ಬಿಲ್ಲು, ಲಗ್ನಪತ್ರಿಕೆ ಎಲ್ಲ ಅಲ್ಲೇ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದು ಒಂದು ಕಲಂ ಇದೆ. ಆಂಧ್ರಕ್ಕೆ ಸೇರಿದ ನಮ್ಮ ಆದೋನಿಯವರ ಕಣ್ಣೂ ಅದರ ಮೇಲೆ. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಆ ಒಂದು ಸಾಲು ಅಂದರೆ ಮೂರು ಪತ್ರ: ಇಲ್ಲೇ ಇದ್ದೇವೆ ಎನ್ನಲು ಒಂದು, ಇಲ್ಲೇ ಓದಿದ್ದೇವೆ ಎನ್ನಲು ಒಂದು, ಮನೆಯಲ್ಲಿ ಕನ್ನಡ ಆಡುತ್ತೇವೆ ಎನ್ನಲು ಇನ್ನೊಂದು. ಹುಟ್ಟಿದಾಗಿನಿಂದ ಕನ್ನಡದಲ್ಲೇ ಬೈಸಿಕೊಂಡು ಬೆಳೆದ ಹುಡುಗ, ತಾನು ಕನ್ನಡದಲ್ಲೇ ಬೈಸಿಕೊಂಡದ್ದು ಎಂದು ಪತ್ರ ತರಬೇಕು. ಇರಲಿ, ತಂದ. ಸ್ಕ್ಯಾನ್ ಆಯಿತು. ಮುಂದಿನ ತಿಂಗಳು ಮತ್ತೆ ಬೇಕಾಯಿತು. ಈಗ ಶುರು ನಾಟಕ.

ಅಂಗಡಿಯ ಹುಡುಗನ ಡೆಸ್ಕ್‌ಟಾಪ್ ಮೇಲೆ ಸಾಸಿವೆ ಹಾಕಿದರೆ ನೆಲಕ್ಕೆ ಬೀಳುವುದಿಲ್ಲ. "ಸ್ಕ್ಯಾನ್ 1", "ಸ್ಕ್ಯಾನ್ 1 ಕಾಪಿ", "ಅರ್ಜೆಂಟ್", "ಅರ್ಜೆಂಟ್ ಅಸಲು", "ಕೌತಾಳಂ ಅಕ್ಕ", "ದೊಡ್ಡಪ್ಪ", "ದೊಡ್ಡಪ್ಪ ಹೊಸದು". ಯಾರ ದೊಡ್ಡಪ್ಪ, ಹೊಸ ದೊಡ್ಡಪ್ಪ ಹೇಗೆ ಬಂದ, ಕೇಳಬೇಡಿ. ಹುಡುಗ ಭೂತಗನ್ನಡಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಕಣ್ಣು ಮುಚ್ಚಿ ಯೋಚಿಸುತ್ತಾನೆ. "ನೀವು ಬಂದಾಗ ಕರೆಂಟ್ ಹೋಗಿತ್ತಲ್ರಿ? ಕೈಯಾಗ ಸೋರೆಕಾಯಿ ಇತ್ತು ನೋಡ್ರಿ." ಹೌದು, ಇತ್ತು. "ಹಂಗಾದ್ರ ಅದು ಶುಕ್ರವಾರ, ಸಂತೆ ದಿನ." ಅಲ್ಲಿಂದ ಒಂದೊಂದೇ ಫೈಲು ತೆರೆಯುತ್ತಾ ಹೋಗುತ್ತಾನೆ. ಸಾಲಿನಲ್ಲಿ ನಿಂತವರೆಲ್ಲ ಪರದೆ ನೋಡುತ್ತಾರೆ. ಯಾರ ಮಗನಿಗೆ ಗಣಿತದಲ್ಲಿ ಎಷ್ಟು ಬಂತು, ಯಾರ ಹೊಲ ಯಾರ ಹೆಸರಿಗೆ ಏರಿತು, ಸರ್ವರಿಗೂ ಸರ್ವವೂ ತಿಳಿಯುತ್ತದೆ. ಕೊನೆಗೆ ನಿಮ್ಮದೂ ಸಿಗುತ್ತದೆ. ಅಷ್ಟರಲ್ಲಿ ಸಿಇಟಿ ಸರ್ವರ್ ಮಲಗಿರುತ್ತದೆ.

ಹುಡುಗನನ್ನು ಅನ್ನಬಾರದು. ಅವನು ಹುಡುಕುವುದು ದಿನಾಂಕದ ಮೇಲೆ, ಮತ್ತು ಅದು ನಿಜಕ್ಕೂ ಒಳ್ಳೆಯ ಉಪಾಯ. ಪ್ರತಿ ಫೈಲಿನ ಬೆನ್ನಿನ ಮೇಲೂ ಅದು ಹುಟ್ಟಿದ ದಿನ, ಕೊನೆಯ ಸಲ ತಿದ್ದಿದ ದಿನ ಎರಡನ್ನೂ ಯಂತ್ರ ಬರೆದಿಡುತ್ತದೆ. ಹುಡುಕುವ ಡಬ್ಬಿಯಲ್ಲಿ ಡೇಟ್‌ಮಾಡಿಫೈಡ್ ಎಂದು ಇಂಗ್ಲಿಷಿನಲ್ಲಿ ಬರೆದು ಎರಡು ಚುಕ್ಕಿ ಇಟ್ಟರೆ ಇವತ್ತಿನದು, ನಿನ್ನೆಯದು, ಹೋದ ವಾರದ್ದು ಎಂದು ಬೇಕಾದಂತೆ ಸೋಸಿ ಕೊಡುತ್ತದೆ. ತೊಂದರೆ ಏನೆಂದರೆ ಯಂತ್ರಕ್ಕೆ ಗೊತ್ತಿರುವುದು ಜನವರಿ, ಫೆಬ್ರವರಿ. ನಮ್ಮ ಜನದ ತಾರೀಖೇ ಬೇರೆ. "ಶ್ರಾವಣದಾಗ ಉರುಕುಂದ ಈರಣ್ಣನ ಜಾತ್ರಿಗೆ ಹೋಗಿದ್ವಲ್ಲ, ಆವಾಗ ತೆಗೆದ ಫೋಟೋ." "ದೇವರಗಟ್ಟದ ಬನ್ನಿ ಮುಗಿದು ತಲೆಗೆ ಹೊಲಿಗೆ ಹಾಕಿಸಿಕೊಂಡನಲ್ಲ ನಮ್ಮ ಅಳಿಯ, ಆವಾಗಿನ ಬಿಲ್ಲು." ದಸರೆಯ ರಾತ್ರಿ ದೇವರಗಟ್ಟದಲ್ಲಿ ಮಾಳ ಮಲ್ಲೇಶ್ವರನ ಮೂರ್ತಿಗಾಗಿ ಊರೂರುಗಳು ಬಡಿಗೆ ಹಿಡಿದು ನಿಲ್ಲುವುದನ್ನು ಯಾವ ಇಂಗ್ಲಿಷ್ ಕ್ಯಾಲೆಂಡರಿನಲ್ಲೂ ಗುರುತು ಹಾಕಿಲ್ಲ. ಇನ್ನು ಕೋಸಿಗಿ, ಮಂತ್ರಾಲಯ ಕಡೆಯ ಹಳ್ಳಿಗಳವರು "ಗುಳೆ ಹೋಗೋಕಿಂತ ಮುಂಚೆ ಮಾಡಿಸಿದ್ದು" ಎನ್ನುತ್ತಾರೆ. ಗುಂಟೂರಿನ ಕಡೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಊರಿಗೆ ಊರೇ ಬೀಗ ಹಾಕಿ ಹೋಗುವ ಕಾಲ ಅದು. ಮಕ್ಕಳ ಶಾಲೆಯ ಕಾಗದಗಳನ್ನು ಓಡಾಡಿ ಮಾಡಿಸಿಕೊಳ್ಳುವುದೂ ಆ ಗಡಿಬಿಡಿಯಲ್ಲೇ. ಆ ತಾಯಿಗೆ "ಯಾವ ತಿಂಗಳು ಹೇಳಮ್ಮ" ಎಂದರೆ ಏನು ಹೇಳಿಯಾಳು? ಮಳೆ ಕೈಕೊಟ್ಟ ತಿಂಗಳು. ಈ ಫಿಲ್ಟರು ಇನ್ನೂ ಬಂದಿಲ್ಲ.

ಸರಿ, ಭೂತಗನ್ನಡಿ ಒಳಗೊಳಗೆ ಏನು ಮಾಡುತ್ತದೆ ಎಂದು ಸ್ವಲ್ಪ ನೋಡೋಣ. ನೀವು ಹೆಸರು ಬರೆದ ಮೇಲೆ ಅದು ಎದ್ದು ಓಡುತ್ತದೆ ಎಂದುಕೊಂಡಿದ್ದೀರಿ. ಹಾಗಲ್ಲ. ನೀವು ಸುಮ್ಮನಿರುವ ಹೊತ್ತು ನೋಡಿ ಅದು ಫೈಲುಗಳನ್ನೆಲ್ಲ ಓದಿ ಒಂದು ರಿಜಿಸ್ಟರ್ ಬರೆದಿಟ್ಟುಕೊಂಡಿರುತ್ತದೆ: ಈ ಪದ ಇಂತಿಂಥ ಫೈಲಿನಲ್ಲಿದೆ, ಆ ಪದ ಅಂಥಂಥದ್ದರಲ್ಲಿದೆ. ನೀವು ಕೇಳಿದಾಗ ಫೈಲುಗಳ ತಂಟೆಗೆ ಹೋಗದೆ ರಿಜಿಸ್ಟರ್ ತೆಗೆದು ಹೇಳುತ್ತದೆ. ಅದಕ್ಕೇ ಅಷ್ಟು ಬೇಗ. ವಿಂಡೋಸಿನಲ್ಲಿ ಇದು ಮೈಗೂಡಿ ಬಂದದ್ದು 2007ರಲ್ಲಿ ವಿಸ್ಟಾ ಬಂದಾಗ. ಆಪಲ್ಲಿನವರು 2005ರಲ್ಲೇ ಸ್ಪಾಟ್‌ಲೈಟ್ ಅಂತ ತಂದಿದ್ದರು. ಗೂಗಲ್ಲಿನವರು ಅವರಿಗಿಂತ ಮೊದಲು, 2004ರಲ್ಲಿ, ನಿಮ್ಮ ಮನೆಯೊಳಗೂ ನಾವೇ ಹುಡುಕುತ್ತೇವೆ ಎಂದು ಡೆಸ್ಕ್‌ಟಾಪ್ ಸರ್ಚ್ ಕೊಟ್ಟು, 2011ರಲ್ಲಿ ಬೀಗ ಹಾಕಿಕೊಂಡು ಹೋದರು.

ಆದರೆ ಆ ರಿಜಿಸ್ಟರಿನಲ್ಲಿ ಒಂದು ಗುಟ್ಟಿದೆ. ವಿಂಡೋಸನ್ನು ಹಾಕಿದ್ದು ಹಾಕಿದಂತೆ ಬಿಟ್ಟರೆ ಅದು ಸಿ ಡ್ರೈವಿನೊಳಗೆ ನಿಮ್ಮ ಹೆಸರಿನಲ್ಲಿರುವ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥ ಮನೆಗಳನ್ನೇ ಹೆಚ್ಚಾಗಿ ಓದುತ್ತದೆ. ನಮ್ಮವರ ಆಸ್ತಿ ಎಲ್ಲಿದೆ? ಡಿ ಡ್ರೈವಿನಲ್ಲಿ. ಕಂಪ್ಯೂಟರ್ ಮಾರಿದವನು ಮೊದಲ ದಿನವೇ ಕಿವಿಯಲ್ಲಿ ಉಪದೇಶ ಮಾಡಿರುತ್ತಾನೆ: "ಸಿ ಒಳಗ ಏನೂ ಇಡಬ್ಯಾಡ್ರಿ, ವಿಂಡೋಸ್ ಹೊಸದಾಗಿ ಹಾಕಿದ್ರ ಎಲ್ಲಾ ಹೋಗ್ತೈತೆ." ಅವನ ಮಾತು ಸುಳ್ಳಲ್ಲ. ಆದ್ದರಿಂದ ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡು, ಮದುವೆ ವಿಡಿಯೋ ಎಲ್ಲ ಡಿ. ಯಂತ್ರ ಶ್ರದ್ಧೆಯಿಂದ ಖಾಲಿ ಮನೆಯನ್ನು ಗುಡಿಸಿ ರಿಜಿಸ್ಟರ್ ಬರೆಯುತ್ತದೆ. ಸಂಸಾರವೆಲ್ಲ ಪಕ್ಕದ ಮನೆಯಲ್ಲಿ. ಡಿ ಒಳಗೆ ಹೋಗಿ ನಿಂತು ಹುಡುಕಿದರೆ ಹುಡುಕುತ್ತದೆ, ಆದರೆ ಆಮೆಗತಿಯಲ್ಲಿ, ಅದೂ ಫೈಲಿನ ಹೆಸರನ್ನು ಮಾತ್ರ ನೋಡಿ. ಒಳಗೆ ಏನು ಬರೆದಿದೆ ಎಂದು ಓದಬೇಕಾದರೆ ಇಂಡೆಕ್ಸಿಂಗ್ ಆಪ್ಷನ್ಸ್ ಎಂಬಲ್ಲಿಗೆ ಹೋಗಿ "ಡಿ ಡ್ರೈವನ್ನೂ ಬರೆದುಕೋ ಮಾರಾಯ" ಎಂದು ಗುರುತು ಹಾಕಬೇಕು. ಇದೊಂದು ಹೇಳಿಕೊಟ್ಟರೆ ಆದೋನಿಯ ಅರ್ಧ ಸಮಸ್ಯೆ ಪರಿಹಾರ. ಮಾರಿದವನು ಅಷ್ಟು ಉಪದೇಶ ಮಾಡಿದವನು ಇದನ್ನೂ ಹೇಳಬಹುದಿತ್ತು. ಆದರೆ ಆಮೇಲೆ ನಾವು ಅವನ ಅಂಗಡಿಗೆ ಹೋಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಜನ ಹುಡುಕುವ ಯಂತ್ರವನ್ನು ಪ್ರೀತಿಸಿದ ಒಂದು ಕಾಲವಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತಲ್ಲ, ಅದರಲ್ಲಿ ಹುಡುಕಲು ಹೋದರೆ ಮೂಲೆಯಲ್ಲಿ ಒಂದು ಹಳದಿ ನಾಯಿ ಬಂದು ಕೂರುತ್ತಿತ್ತು. ರೋವರ್ ಅಂತ ಹೆಸರು. ಅಮೆರಿಕದಲ್ಲಿ 1995ರಲ್ಲಿ ಬಂದು ಮಕಾಡೆ ಮಲಗಿದ ಮೈಕ್ರೋಸಾಫ್ಟ್ ಬಾಬ್ ಎಂಬ ಸಾಫ್ಟ್‌ವೇರಿನಿಂದ ಉಳಿದುಕೊಂಡ ಅನಾಥ ಅದು. ಹುಡುಕುವಷ್ಟು ಹೊತ್ತು ಬಾಲ ಅಲ್ಲಾಡಿಸುವುದು, ಕಿವಿ ಕೆರೆದುಕೊಳ್ಳುವುದು. ಅಲ್ಲಿನವರಿಗೆ ಅದನ್ನು ಕಂಡರೆ ರೇಗುತ್ತಿತ್ತಂತೆ. ನಮ್ಮ ಕಡೆ ಹಾಗಲ್ಲ. ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿ ಎಂದರೆ ದೇವರ ಜೊತೆಗಾರ. ಗೊರವಯ್ಯಗಳ ನಾಡಿನಲ್ಲಿ ನಾಯಿಯನ್ನು ಹೀಗಳೆಯುವುದುಂಟೇ? ಫೈಲು ಸಿಗದಿದ್ದರೂ ಪರವಾಗಿಲ್ಲ, ನಾಯಿ ನೋಡೋಣ ಎಂದು ಹುಡುಗರು ಸುಮ್ಮಸುಮ್ಮನೆ ಹುಡುಕುತ್ತಿದ್ದರು. ವಿಸ್ಟಾದಲ್ಲಿ ನಾಯಿಯನ್ನು ಓಡಿಸಿದರು. ಹುಡುಕಾಟ ಚುರುಕಾಯಿತು, ಹುಡುಕುವವರು ಹೋದರು.

ಈಗ ಮುಖ್ಯ ಜಗಳಕ್ಕೆ ಬರುತ್ತೇನೆ. ಯಂತ್ರಕ್ಕೆ ಹೆಸರು ಬೇಕು, ಒಂದೇ ಒಂದು ಹೆಸರು, ಅಕ್ಷರ ತಪ್ಪದ ಹೆಸರು. ನಮ್ಮ ಸೀಮೆಯಲ್ಲಿ ಯಾವ ವಸ್ತುವಿಗೆ ಒಂದೇ ಹೆಸರಿದೆ ಹೇಳಿ? ನಮ್ಮ ಊರೇ ಹಿರಿಯರ ಬಾಯಲ್ಲಿ ಆದವಾನಿ, ರೈಲಿನ ಬೋರ್ಡಿನಲ್ಲಿ ಆದೋನಿ. ಹೊಲದ ಕಾಗದ ಸಿರುಗುಪ್ಪದ ಬೀಗರಿಗೆ ಪಹಣಿ, ನಮಗೆ ಅಡಂಗಲ್. ಬೀಗರು ಬಂದು ಅಂಗಡಿಯಲ್ಲಿ ಕೂತು "ಪಹಣಿ ಅಂತ ಹೊಡಿಯಪ" ಎನ್ನುತ್ತಾರೆ. ಹುಡುಗ ಹೊಡೆಯುತ್ತಾನೆ. ಯಂತ್ರ ಕೈಯಾಡಿಸುತ್ತದೆ. "ಏನ್ರಿ ನಿಮ್ಮ ಆಂಧ್ರದಾಗ ಹೊಲಕ್ಕ ಕಾಗದಾನೇ ಇಲ್ಲೇನು?" ಎಂದು ಬೀಗರ ವ್ಯಂಗ್ಯ. ಕಾಗದ ಇದೆ, ಅಡಂಗಲ್ ಎಂಬ ಹೆಸರಿನಲ್ಲಿ ಮೂರು ಕಡೆ ಇದೆ.

ಲಿಪಿಯ ಕಥೆ ಇನ್ನೂ ಚೆಂದ. ನಮ್ಮ ಕಡೆಯವರಿಗೆ ತೆಲುಗು, ಕನ್ನಡ ಎರಡೂ ಓದಲು ಬರುತ್ತದೆ. ಬೋರ್ಡು ಓದಿ ಮುಗಿಸಿದ ಮೇಲೆ ಅದು ಯಾವ ಭಾಷೆಯಲ್ಲಿತ್ತು ಎಂದು ಕೇಳಿದರೆ ಮತ್ತೆ ತಿರುಗಿ ನೋಡಬೇಕು. ಯೂನಿಕೋಡ್ ಮಾಡಿದವರೂ ಇದನ್ನು ಬಲ್ಲರು. ಎರಡಕ್ಕೂ 128 ಸ್ಥಾನಗಳ ಒಂದೊಂದು ಪಟ್ಟಿ ಕೊಟ್ಟು ಒಂದರ ಹಿಂದೆ ಒಂದನ್ನು ಕೂರಿಸಿದ್ದಾರೆ. ತೆಲುಗಿನ ಆ ಇರುವ ಜಾಗಕ್ಕೆ 128 ಕೂಡಿಸಿದರೆ ಕನ್ನಡದ ಆ. ಅಷ್ಟೇ ಅಂತರ. ಆದರೆ ಆ 128ನ್ನು ಯಂತ್ರ ಸುತರಾಂ ದಾಟುವುದಿಲ್ಲ. ಸಚಿವಾಲಯದಿಂದ ಬಂದ ಫೈಲಿನ ಮೇಲೆ ತೆಲುಗಿನಲ್ಲಿ ಆದೋನಿ ಎಂದಿದ್ದರೆ, ನೀವು ಕನ್ನಡದಲ್ಲಿ ಆದೋನಿ ಎಂದು ಹುಡುಕಿದಿರೋ, "ಅಂಥ ಊರಿಲ್ಲ" ಎನ್ನುತ್ತದೆ. ಗಡಿ ತಂಟೆ ಮುಗಿಯಿತು ಎಂದವರು ಯಾರು? ಮೈಕ್ರೋಚಿಪ್ಪಿನಲ್ಲಿ ಇನ್ನೂ ನಡೆಯುತ್ತಿದೆ. ಭಾಷೆ ಹೊಂದಿಕೊಂಡರೆ ವ್ಯಾಕರಣದ ಕಾಟ. ಫೈಲಿಗೆ "ಆಲೂರಿನ ಹೊಲ" ಎಂದು ಹೆಸರಿಟ್ಟು "ಆಲೂರು" ಎಂದು ಹುಡುಕಿದರೆ, ಕೊಂಬು ಇಲ್ಲ, ಗುಡಿಸು ಇದೆ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಇದಕ್ಕೇ ಇರಬೇಕು.

ಇವೆಲ್ಲಕ್ಕಿಂತ ದೊಡ್ಡ ತಮಾಷೆ ನಮ್ಮ ಕನ್ನಡ ಮೇಷ್ಟ್ರುಗಳ ಹಳೆಯ ಪ್ರಶ್ನೆಪತ್ರಿಕೆಗಳದ್ದು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಬಳ್ಳಾರಿಯಿಂದ ಸಿಡಿಯಲ್ಲಿ ಬಂದ ನುಡಿಯನ್ನು ಹಾಕಿಕೊಂಡು ನಮ್ಮ ಮೇಷ್ಟ್ರುಗಳು ವರ್ಷಾನುಗಟ್ಟಲೆ ಟೈಪು ಮಾಡಿದರು. ಪರದೆಯ ಮೇಲೆ ದುಂಡುದುಂಡು ಕನ್ನಡ. ಈಗ ಹೊಸ ಕಂಪ್ಯೂಟರಿನಲ್ಲಿ "ಕನ್ನಡ" ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಅದರಲ್ಲಿ ಒಂದೂ ಸಿಗುವುದಿಲ್ಲ. ಯಾಕೆಂದರೆ ಆ ಕಾಲದ ಫೈಲುಗಳ ಒಳಗೆ ಕನ್ನಡವೇ ಇಲ್ಲ! ಫಾಂಟು ಎಂಬ ವೇಷ ಕಳಚಿ ನೋಡಿ. "ಕನ್ನಡ" ಎಂಬ ಪದದ ಜಾಗದಲ್ಲಿ ಇರುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀರು ಎಳೆದ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯು, ಕೊನೆಗೆ ಇನ್ನೊಂದು ಗೀರಿನ ಎ. ಬ್ರಿಟಿಷರು ಹೋಗಿ ಇಷ್ಟು ವರ್ಷವಾದರೂ ಕನ್ನಡದ ಹೊಟ್ಟೆಯಲ್ಲಿ ಪೌಂಡ್ ಉಳಿದಿತ್ತು ಎಂದರೆ ನಂಬುತ್ತೀರಾ? ಒಬ್ಬ ಮೇಷ್ಟ್ರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾವು ಇಷ್ಟು ದಿನ ಇಂಗ್ಲಿಷ್ ಮೀಡಿಯಂ ನಡೆಸಿದ್ವಿ ಅನ್ನು" ಎಂದರು. ಆ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ಪುಕ್ಕಟೆ ಸಿಗುತ್ತವೆ. ಬದಲಾಯಿಸಿಟ್ಟರೆ ಭೂತಗನ್ನಡಿಗೆ ಕಾಣುತ್ತವೆ. ಅಲ್ಲಿಯವರೆಗೆ ಫೈಲಿನ ಹೆಸರೊಂದೇ ಗತಿ. ಸ್ಕ್ಯಾನ್ ಮಾಡಿದ ಕಾಗದಕ್ಕೂ ಅದೇ ಗತಿ. ಅದರೊಳಗೆ ತಹಸೀಲ್ದಾರರ ಸಹಿ, ಮೊಹರು, ವಂಶವೃಕ್ಷ ಏನೇ ಇದ್ದರೂ ಯಂತ್ರದ ಪಾಲಿಗೆ ಅದೊಂದು ಚಿತ್ರ. ಹೊರಗೆ ಹೆಸರು ಬರೆಯದಿದ್ದರೆ ಒಳಗಿನದು ಅದಕ್ಕೆ ತಿಳಿಯದು.

ಹೆಸರು ಸರಿಯಿದ್ದರೂ ಜಾಗ ಬದಲಾದರೆ ಇನ್ನೊಂದು ಫಜೀತಿ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. 1800ರಲ್ಲಿ ನಿಜಾಮರು ನಮ್ಮನ್ನು ಕಂಪನಿ ಸರಕಾರಕ್ಕೆ ಕೊಟ್ಟರು. ಬಳ್ಳಾರಿ ಎಂಬ ಫೋಲ್ಡರಿನಲ್ಲಿ ನೆಮ್ಮದಿಯಾಗಿದ್ದೆವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಮೂರನ್ನೂ ಕಟ್ ಮಾಡಿ ಆಂಧ್ರ ಎಂಬ ಹೊಸ ಫೋಲ್ಡರಿಗೆ ಪೇಸ್ಟ್ ಮಾಡಿದರು. ರಾಯದುರ್ಗ ಅನಂತಪುರದೊಳಗೆ ಹೋಯಿತು, ಆದೋನಿ ಆಲೂರು ಕರ್ನೂಲಿನೊಳಗೆ. ಬಳ್ಳಾರಿ ಮೈಸೂರಿನ ಕಡೆ ಹೋಯಿತು. 1956ರಲ್ಲಿ ಮೇಲಿನ ಫೋಲ್ಡರಿಗೆ ಆಂಧ್ರಪ್ರದೇಶ ಎಂದು ಹೆಸರು ಬದಲಾಯಿಸಿದರು; 2014ರಲ್ಲಿ ಅದನ್ನೇ ಎರಡು ಹೋಳು ಮಾಡಿದರು. ಒಳಗಿನ ಫೈಲು ಮಾತ್ರ ಒಂದಕ್ಷರ ಬದಲಾಗಿಲ್ಲ. ಇವತ್ತಿಗೂ ನಮ್ಮ ಅಜ್ಜಿಯರಿಗೆ ಕಣ್ಣಿನ ಆಪರೇಷನ್ ಎಂದರೆ ಬಳ್ಳಾರಿ, ಮದುವೆ ಸೀರೆ ಎಂದರೆ ಬಳ್ಳಾರಿ, ಹೆಣ್ಣು ಕೊಡುವುದು ತರುವುದು ಬಳ್ಳಾರಿ, ರಾಯಚೂರು. ಕಂಪ್ಯೂಟರಿನವರು ಇದಕ್ಕೆ ಪಾತ್ ಬದಲಾಗಿದೆ, ಲಿಂಕ್ ಮುರಿದಿದೆ ಎನ್ನುತ್ತಾರೆ. ಮುರಿದಿಲ್ಲ ಸ್ವಾಮಿ, ಬಸ್ಸಿದೆ.

ಲಿಂಕಿನ ಮಾತು ಬಂತು, ಶಾರ್ಟ್‌ಕಟ್ಟಿನದನ್ನೂ ಹೇಳಿಬಿಡುತ್ತೇನೆ. ಡೆಸ್ಕ್‌ಟಾಪ್ ಮೇಲೆ ಮೂಲೆಯಲ್ಲಿ ಬಾಣದ ಗುರುತಿರುವ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಫೈಲು ಬಂತು ಎಂದು ಎಮ್ಮಿಗನೂರಿನವರೆಗೆ ಹೋಗಿ ಅಲ್ಲಿ ತೆರೆಯದೆ ತಿರುಗಿ ಬಂದ ಮಹಾಶಯರು ಓಣಿಗೊಬ್ಬರಿದ್ದಾರೆ. ಅದು ಫೈಲಲ್ಲ, ಫೈಲು ಇರುವ ಕಡೆ ತೋರಿಸುವ ಬೆರಳು. ಮಂತ್ರಾಲಯಂ ರೋಡ್ ಸ್ಟೇಷನ್ನಿನಲ್ಲಿ ಇಳಿದು "ರಾಯರ ಬೃಂದಾವನ ಎಲ್ಲಿ?" ಎಂದು ಪ್ಲಾಟ್‌ಫಾರಂ ಮೇಲೆ ಕಣ್ಣಾಡಿಸುವ ಬೆಂಗಳೂರಿನ ಭಕ್ತರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಟೇಷನ್ನಿನ ಹೆಸರಿನಲ್ಲಿ ಮಂತ್ರಾಲಯ ಇದೆ; ಮಂತ್ರಾಲಯ ಇರುವುದು ಇನ್ನೂ ಹತ್ತಾರು ಕಿಲೋಮೀಟರ್ ಆಚೆ, ಆಟೋದವನು ಹೇಳಿದ ರೇಟಿನ ತುದಿಯಲ್ಲಿ.

ಹಾಗೆ ನೋಡಿದರೆ ಸರಿಯಾಗಿ ಹುಡುಕುವುದನ್ನು ಕಲಿಸಿದವರು ಆ ರಾಯರೇ. ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ಊರು ಕೊಡುತ್ತೇನೆ ಎಂದಾಗ ರಾಯರು, ನಾವು ಈಗ ಮಂತ್ರಾಲಯ ಎನ್ನುವ ಮಂಚಾಲೆಯನ್ನೇ ಕೇಳಿದರು ಎನ್ನುತ್ತದೆ ಐತಿಹ್ಯ. ಬರಡು ನೆಲ, ಬೇರೆ ಒಳ್ಳೆಯ ಊರು ಕೊಡುತ್ತೇನೆ ಎಂದರೂ ಒಪ್ಪಲಿಲ್ಲವಂತೆ. ಮಂಚಾಲೆ ಎಂದರೆ ಮಂಚಾಲೆಯೇ. ಕಂಪ್ಯೂಟರಿನಲ್ಲಿ ಇದನ್ನೇ ಹೇಳಲು ಪದಗಳ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಬೇಕು. ಹಾಕಿದರೆ ಅದೇ ಪದ, ಅದೇ ಕ್ರಮ. ಹಾಕದಿದ್ದರೆ ಅದರ ನೆಂಟರಿಷ್ಟರೆಲ್ಲ ಎದ್ದು ಬರುತ್ತಾರೆ.

ಹೆಸರಿಡುವುದನ್ನು ಕಲಿಸಿದವರೂ ಇಲ್ಲೇ ಇದ್ದರು, ಆಲೂರಿನಾಚೆ ಚಿಪ್ಪಗಿರಿಯಲ್ಲಿ. ವಿಜಯದಾಸರು ಹುಟ್ಟಿದ್ದು ರಾಯಚೂರು ಸೀಮೆಯ ಚೀಕಲಪರವಿಯಲ್ಲಿ, ದೇಹ ಬಿಟ್ಟದ್ದು 1755ರಲ್ಲಿ ಚಿಪ್ಪಗಿರಿಯಲ್ಲಿ. ಸುಳಾದಿ ದಾಸರೆಂದೇ ಹೆಸರಾದವರು, ಬರೆದದ್ದಕ್ಕೆ ಲೆಕ್ಕವಿಲ್ಲ. ಅಷ್ಟೂ ಹಾಡುಗಳು ಎಷ್ಟೋ ಬಾಯಿ, ಎಷ್ಟೋ ಊರು, ಎಷ್ಟೋ ಓಲೆಗರಿ ದಾಟಿ ಬಂದರೂ ಇದು ಅವರದೇ ಎಂದು ಗುರುತು ಸಿಗುತ್ತದಲ್ಲ, ಹೇಗೆ? ಪ್ರತಿಯೊಂದರ ಕೊನೆಯಲ್ಲೂ ವಿಜಯವಿಠಲ ಎಂಬ ಅಂಕಿತ. ಅವರ ಶಿಷ್ಯರು ಗೋಪಾಲದಾಸರು, ಗೋಪಾಲವಿಠಲ. ಅವರ ಶಿಷ್ಯರು ಜಗನ್ನಾಥದಾಸರು, ಜಗನ್ನಾಥವಿಠಲ. ಅಂಕಿತವನ್ನು ಯಾರೂ ತಮಗೆ ತಾವೇ ಇಟ್ಟುಕೊಳ್ಳುವಂತಿಲ್ಲ, ಗುರುಗಳು ಕೊಡಬೇಕು. ಒಬ್ಬರದು ಇನ್ನೊಬ್ಬರಿಗಿಲ್ಲ. "ವಿಠಲ" ಎಂದಷ್ಟೇ ಕೇಳಿದಿರೋ ಪುರಂದರದಾಸರಿಂದ ಹಿಡಿದು ದಾಸಕೂಟವೇ ತಂಬೂರಿ ಹಿಡಿದು ಬಾಗಿಲಿಗೆ ಬರುತ್ತದೆ. ಮುಂದೆ "ವಿಜಯ" ಸೇರಿಸಿದರೆ ಒಬ್ಬರೇ. ಟ್ಯಾಗು, ಮೆಟಾಡೇಟಾ ಎಂದು ನಮ್ಮ ಹುಡುಗರು ಹೈದರಾಬಾದಿಗೆ ಹೋಗಿ ಫೀಸು ಕಟ್ಟಿ ಕಲಿಯುವುದನ್ನು ಚಿಪ್ಪಗಿರಿಯ ಕಟ್ಟೆಯ ಮೇಲೆ ಪುಕ್ಕಟೆ ಹೇಳಿಕೊಡುತ್ತಿದ್ದರು. ನಾವು ಆ ಹಾಡು ಹಾಡಿದೆವು, ಅದರ ಶಿಸ್ತನ್ನು ಬಿಟ್ಟೆವು. ಫೈಲಿಗೆ "ದೊಡ್ಡಪ್ಪ ಹೊಸದು" ಎಂದೆವು.

ದಾಸರ ದಾರಿ ಕಷ್ಟವಲ್ಲ. ಫೈಲು ಉಳಿಸುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಯಾರದು, ಯಾವ ಊರು, ಏನು. 2024-06, ಅಪ್ಪನ ಹೆಸರು, ಆಲೂರು, ಅಡಂಗಲ್. ಬೀಗರಿಗೂ ಬೇಕಾದರೆ ಪಕ್ಕದಲ್ಲಿ ಪಹಣಿ ಎಂದೂ ಸೇರಿಸಿ, ಜಾಗಕ್ಕೆ ಬಾಡಿಗೆ ಇಲ್ಲ. ಊರ ಹೆಸರಿಗೆ ಇನ, ಇಗೆ, ಅಲ್ಲಿ ಅಂಟಿಸಬೇಡಿ; ಬೋಳಾಗಿ ಬಿಡಿ. ಮನೆಯಲ್ಲಿ ಎಲ್ಲರೂ ಕೂತು ಕನ್ನಡವೋ ತೆಲುಗೋ ಇಂಗ್ಲಿಷೋ ಒಂದು ಲಿಪಿ ಗೊತ್ತು ಮಾಡಿಕೊಳ್ಳಿ. ಜಗಳವಾದರೂ ಒಂದೇ ಸಲ ಆಗುತ್ತದೆ. ಪೂರ್ತಿ ನೆನಪಿಲ್ಲದ ಕಡೆ ನಕ್ಷತ್ರದ ಗುರುತು ಹಾಕಿ, ಉಳಿದದ್ದನ್ನು ಯಂತ್ರ ತುಂಬಿಕೊಳ್ಳುತ್ತದೆ. ಕಂಪ್ಯೂಟರ್ ತುಂಬಿ ಏದುಸಿರು ಬಿಡುತ್ತಿದ್ದರೆ ಸೈಜ್ ಎಂದು ಇಂಗ್ಲಿಷಿನಲ್ಲಿ ಬರೆದು ಎರಡು ಚುಕ್ಕಿ ಇಟ್ಟು, ಅತಿ ದೊಡ್ಡವನ್ನು ಕೇಳಿ. ಇದನ್ನು ಮಾತ್ರ ನಾಲ್ಕು ಜನರ ಎದುರು ಮಾಡಬೇಡಿ. ಒಂದು ಶಾಲೆಯಲ್ಲಿ ಹೀಗೆ ಕೇಳಿದಾಗ ಪಾಠದ ಫೈಲು ಒಂದೂ ಬರಲಿಲ್ಲ. ಸಾಲಾಗಿ ಬಂದದ್ದೆಲ್ಲ ತೆಲುಗು ಸಿನಿಮಾ. ಹೆಡ್‌ಮಾಸ್ಟರು ಗಂಭೀರವಾಗಿ "ಭಾಷಾ ಬೋಧನೆಗೆ ಇಟ್ಟದ್ದು" ಎಂದರು.

ಈ ಉಪದೇಶವನ್ನೆಲ್ಲ ನಾನು ಊರಿನ ಒಬ್ಬ ಹತ್ತಿ ಸಾಹುಕಾರರ ಗದ್ದಿಗೆಯ ಮುಂದೆ ಕೂತು ಒಪ್ಪಿಸಿದೆ. ಅವರ ಗುಮಾಸ್ತರು ಹಳೆಯ ಕಾಲದವರು. ಯಾವ ವರ್ಷ ಯಾವ ರೈತನಿಗೆ ಎಷ್ಟು ಬಾಕಿ ಎಂದು ಕಣ್ಣು ಮುಚ್ಚಿ ಹೇಳುವವರು. ಅವರ ಕೈಗೆ ಕಂಪ್ಯೂಟರ್ ಕೊಟ್ಟ ಮೇಲೆ ಎಲ್ಲ ಫೈಲಿಗೂ "ಲೆಕ್ಕ" ಎಂದೇ ಹೆಸರು: ಲೆಕ್ಕ, ಲೆಕ್ಕ 2, ಲೆಕ್ಕ ಹೊಸದು, ಲೆಕ್ಕ ಖರೆ. ಸಾಹುಕಾರರು ಚಹಾ ತರಿಸಿ, ಅಂಕಿತದ ತನಕ ಎಲ್ಲವನ್ನೂ ತಲೆದೂಗಿ ಕೇಳಿದರು.

"ಅಂದ್ರ ಹಿಂಗ ಹೆಸರಿಟ್ರ ಬೇಕಾದ್ದು ಒಂದು ನಿಮಿಷದಾಗ ಸಿಗ್ತೈತೆ?"

"ನಿಮಿಷ ಯಾಕ್ರಿ ಸಾಹುಕಾರ್ರೆ, ಒಂದು ಸೆಕೆಂಡು."

"ನಮ್ಮ ಗುಮಾಸ್ತರು ಇಲ್ಲದಿದ್ರೂ?"

"ಇಲ್ಲದಿದ್ರೂ."

"ಯಾರು ಬಂದು ಹುಡುಕಿದ್ರೂ?"

"ಯಾರು ಬಂದು ಹುಡುಕಿದ್ರೂ ಸಿಗ್ತೈತ್ರಿ."

ಸಾಹುಕಾರರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ಗುಮಾಸ್ತರ ಕಡೆ ತಿರುಗಿ, "ಮೇಷ್ಟ್ರು ಹೇಳಿದ್ದೆಲ್ಲ ಚೆನ್ನಾಗೈತೆ. ನೀವು ಮಾತ್ರ ಈಗ ಹೆಂಗಿಟ್ಟೀರೋ ಹಂಗೇ ಇರಲಿ" ಎಂದರು. "ಆ 'ಲೆಕ್ಕ ಖರೆ' ಅಂತ ಐತಲ್ಲ, ಅದರ ಹೆಸರೊಂದು ಇವತ್ತೇ ಬದಲಾಯಿಸ್ರಿ."